ವ್ಯೂ ಬಂದರೆ ದುಡ್ಡು ಬಂದ ಹಾಗಲ್ಲ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಒಂದು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ನೆಂಟರೊಬ್ಬರು ಕೇಳಿದರು: "ನಿಮ್ಮ ತಂಬುಳಿ ವಿಡಿಯೊ ಲಕ್ಷ ಜನ ನೋಡಿದ್ದಾರಲ್ಲ, ಒಂದು ವ್ಯೂಗೆ ಒಂದು ರೂಪಾಯಿ ಅಂತೆ, ಹಾಗಾದರೆ ಲಕ್ಷ ರೂಪಾಯಿ ಬಂತಾ?" ಎದುರು ಸಾಲಿನವರೂ ಊಟ ನಿಲ್ಲಿಸಿ ನನ್ನ ಮುಖ ನೋಡಿದರು. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ಅಲ್ಲಿಗೇ ನಿಂತಿತು. ನಾನು, ನನ್ನ ನಾದಿನಿ ಸೇರಿ ಸಾಗರದಿಂದ ಒಂದು ಕನ್ನಡ ಅಡುಗೆ ವೆಬ್‌ಸೈಟ್ ನಡೆಸುತ್ತೇವೆ. ಜೊತೆಗೆ ಒಂದು ಯೂಟ್ಯೂಬ್ ಚಾನೆಲ್ ಇದೆ. ಈ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳದೆ ಎದ್ದು ಬಂದದ್ದು ಮನಸ್ಸಿನಲ್ಲೇ ಉಳಿಯಿತು.

ಬರೀ ಕುತೂಹಲದ ಪ್ರಶ್ನೆಯಾಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ನಮ್ಮ ಸಂಬಂಧದ ಹುಡುಗನೊಬ್ಬ "ಮನೆಯಲ್ಲೇ ಕೂತು ತಿಂಗಳಿಗೆ ಲಕ್ಷ" ಎಂದು ಹೇಳಿಕೊಡುವವರಿಗೆ ಅಪ್ಪನ ಹತ್ತಿರ ದುಡ್ಡು ಇಸಿದುಕೊಂಡು ಕೊಟ್ಟ. ಅವರು ಹೇಳಿಕೊಟ್ಟದ್ದೆಲ್ಲ ಎಲ್ಲ ಕಡೆ ಪುಕ್ಕಟೆ ಸಿಗುವ ವಿಷಯ. ಈ ದುಡ್ಡು ಎಲ್ಲಿಂದ ಹುಟ್ಟುತ್ತದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಅದು ಗೊತ್ತಿದ್ದರೆ ಅವನು ಆ ಲೆಕ್ಕವನ್ನು ನಂಬುತ್ತಿರಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಅಡಿಕೆ ಮಂಡಿಯ ಮಾತಿನಲ್ಲಿ ಹೇಳುವುದೇ ಸುಲಭ. ಮಂಡಿಯಲ್ಲಿ ರಾಶಿ ಹಾಕಿರುತ್ತೇವೆ. ವ್ಯಾಪಾರಿಗಳು ಬಂದು ನೋಡುತ್ತಾರೆ, ತಮ್ಮ ತಮ್ಮ ಬೆಲೆ ಬರೆಯುತ್ತಾರೆ, ಜಾಸ್ತಿ ಬರೆದವರಿಗೆ ಮಾಲು. ನೀವು ಮೊಬೈಲಿನಲ್ಲಿ ನಮ್ಮ ಒಂದೆಲಗದ ತಂಬುಳಿ ಪುಟ ತೆರೆದಾಗಲೂ ಅಂಥದೇ ಟೆಂಡರ್ ನಡೆಯುತ್ತದೆ, ಆದರೆ ಪುಟ ತೆರೆದುಕೊಳ್ಳುವಷ್ಟರಲ್ಲಿ, ಕಣ್ಣು ಮಿಟುಕಿಸುವ ಹೊತ್ತಿನಲ್ಲಿ, ಅದು ಮುಗಿದೇ ಹೋಗಿರುತ್ತದೆ. ಪುಟದಲ್ಲಿ ಖಾಲಿ ಬಿಟ್ಟ ಜಾಗವೇ ಮಾಲು. ಯಾವ ಊರಿನವರು ನೋಡುತ್ತಿದ್ದಾರೆ, ಯಾವ ಫೋನು, ಯಾವ ಭಾಷೆಯ ಪುಟ, ಮೊದಲು ಏನೇನು ಹುಡುಕಿದ್ದರು ಅನ್ನುವುದನ್ನೆಲ್ಲ ನೋಡಿ ಜಾಹೀರಾತಿನವರ ಪರವಾಗಿ ಕಂಪ್ಯೂಟರುಗಳೇ ಬೆಲೆ ಕೂಗುತ್ತವೆ. ವೆಬ್‌ಸೈಟುಗಳಿಗೆ ಜಾಹೀರಾತು ತಂದುಕೊಡುವ ಗೂಗಲ್‌ನ ಆಡ್‌ಸೆನ್ಸ್ ಅನ್ನುವ ವ್ಯವಸ್ಥೆ 2003ರಲ್ಲಿ ಶುರುವಾದದ್ದು. ಚಿಕ್ಕಪುಟ್ಟ ವೆಬ್‌ಸೈಟಿನವರೂ ಜಾಹೀರಾತು ತರಲು ಊರೂರು ಅಲೆಯದೆ, ನಾಲ್ಕು ಸಾಲು ಕೋಡ್ ಅಂಟಿಸಿ ಈ ಮಂಡಿಗೆ ಬರುವಂತಾದದ್ದು ಅದರಿಂದಲೇ. ಮೊದಲು ಅಲ್ಲಿ ಗೆದ್ದವನು ಎರಡನೆಯವನ ಬೆಲೆಗಿಂತ ಚೂರು ಮೇಲೆ ಕೊಟ್ಟರೆ ಸಾಕಿತ್ತು. 2021ರಿಂದ ನಮ್ಮ ಟೆಂಡರಿನ ಹಾಗೇ ಆಗಿದೆ, ತಾನು ಕೂಗಿದ ಬೆಲೆಯನ್ನೇ ಕೊಡಬೇಕು.

ಇನ್ನು ಪಾಲು. ಜಾಹೀರಾತಿನವರು 100 ರೂಪಾಯಿ ಹಾಕಿದರು ಅಂತ ಇಟ್ಟುಕೊಳ್ಳಿ. ಅದು ಗೂಗಲ್‌ನ ದಾರಿಯಲ್ಲೇ ಬಂದರೆ, ಜಾಹೀರಾತು ಕೊಳ್ಳುವ ಕಡೆಯ ಶುಲ್ಕವಾಗಿ ಸರಾಸರಿ 15 ರೂಪಾಯಿ ಹೋಗುತ್ತದೆ. ಉಳಿದ 85ರಲ್ಲಿ 80 ಪರ್ಸೆಂಟ್ ವೆಬ್‌ಸೈಟಿನವರಿಗೆ, ಅಂದರೆ 68 ರೂಪಾಯಿ. 2024ರಿಂದ ಲೆಕ್ಕ ಹೇಳುವ ರೀತಿ ಹೀಗಾಗಿದೆ, ಕೈಗೆ ಬರುವುದು ಹೆಚ್ಚುಕಮ್ಮಿ ಮೊದಲಿನಷ್ಟೇ. ಅದೇ ವರ್ಷದಿಂದ ಇನ್ನೊಂದು ಬದಲಾವಣೆಯೂ ಬಂತು. ಮೊದಲು ಜಾಸ್ತಿ ಲೆಕ್ಕ ಕ್ಲಿಕ್ ಮೇಲೆ ಇತ್ತು, ಈಗ ಜಾಹೀರಾತು ಕಾಣಿಸಿಕೊಂಡದ್ದರ ಮೇಲೆ.

ಯೂಟ್ಯೂಬ್‌ನಲ್ಲಿ ಉದ್ದ ವಿಡಿಯೊಗಳ ಜಾಹೀರಾತಿನಲ್ಲಿ ನೂರರಲ್ಲಿ ಚಾನೆಲಿನವರಿಗೆ 55 ಪಾಲು, ಯೂಟ್ಯೂಬಿಗೆ 45. ಶಾರ್ಟ್ಸ್ ಅನ್ನುವ ಚಿಕ್ಕ ವಿಡಿಯೊಗಳಿಗೆ ಬೇರೆಯೇ ಲೆಕ್ಕ. ಅಲ್ಲಿ ಜಾಹೀರಾತಿನ ದುಡ್ಡನ್ನು ಒಂದೇ ಕಡೆ ಗುಡ್ಡೆ ಹಾಕಿ, ಹಾಡಿನ ಹಕ್ಕಿನವರ ಪಾಲು ತೆಗೆದು, ಉಳಿದದ್ದನ್ನು ವ್ಯೂ ಪ್ರಕಾರ ಹಂಚಿ, ಹಾಗೆ ಹಂಚಿಕೆಯಾದದ್ದರಲ್ಲಿ 45 ಪರ್ಸೆಂಟ್ ಕೊಡುತ್ತಾರೆ. ಅದಕ್ಕೇ ಶಾರ್ಟ್ಸ್‌ನಲ್ಲಿ ದೊಡ್ಡ ದೊಡ್ಡ ಸಂಖ್ಯೆ ಕಂಡರೂ ಕೈಗೆ ಬರುವುದು ಕಮ್ಮಿ. ಈ ಜಾಹೀರಾತಿನ ಪಾಲು ಸಿಗಬೇಕಾದರೂ 1,000 ಸಬ್‌ಸ್ಕ್ರೈಬರ್ ಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ಒಟ್ಟು 4,000 ಗಂಟೆ ವಿಡಿಯೊ ನೋಡಿರಬೇಕು. ಆ ಗಂಟೆಗಳ ಬದಲು 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂ ಬಂದಿದ್ದರೂ ಆಗುತ್ತದೆ. ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಖಾತ್ರಿಗೆ ಒಂದು ಪಿನ್ ನಂಬರು ಅಂಚೆಯಲ್ಲಿ ಬರುತ್ತದೆ. ನಮ್ಮ ಪೋಸ್ಟ್‌ಮ್ಯಾನ್ ಆ ಲಕೋಟೆ ಕೊಟ್ಟ ದಿನ ನಾವಿಬ್ಬರೂ ಪಾಯಸ ಮಾಡಿದ್ದೆವು. 100 ಡಾಲರ್ ತುಂಬುವ ತನಕ ಬ್ಯಾಂಕಿಗೆ ದುಡ್ಡು ಬರುವುದಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಈಗ ಆ ನೆಂಟರ ಪ್ರಶ್ನೆಗೆ ಬರುತ್ತೇನೆ. ಲಕ್ಷ ವ್ಯೂ ಅಂದರೆ ಲಕ್ಷ ಜಾಹೀರಾತು ಅಲ್ಲ. ಎಷ್ಟೋ ಸಲ ಜಾಹೀರಾತೇ ಬರುವುದಿಲ್ಲ. ಬಂದರೂ, ಸ್ಕಿಪ್ ಮಾಡಬಹುದಾದ ಜಾಹೀರಾತಿಗೆ ಸಾಮಾನ್ಯವಾಗಿ ನೀವು 30 ಸೆಕೆಂಡ್ ನೋಡಿದರೆ, ಅಥವಾ ಅದು ಚಿಕ್ಕದಿದ್ದರೆ ಪೂರ್ತಿ ನೋಡಿದರೆ, ಇಲ್ಲ ಆ ಜಾಹೀರಾತನ್ನು ಒತ್ತಿದರೆ ಮಾತ್ರ ಜಾಹೀರಾತಿನವರು ದುಡ್ಡು ಕೊಡುತ್ತಾರೆ. ಐದು ಸೆಕೆಂಡಿಗೆ ಸ್ಕಿಪ್ ಮಾಡಿದರೆ ಏನೂ ಇಲ್ಲ. ನಮ್ಮ ನಾದಿನಿ ಒಂದು ವಿಡಿಯೊಗೆ ಹಿನ್ನೆಲೆಯಲ್ಲಿ ಹಳೆಯ ಸಿನಿಮಾ ಹಾಡು ಹಾಕಿದ್ದಳು, ಅದರ ಜಾಹೀರಾತಿನ ದುಡ್ಡು ಹಾಡಿನ ಹಕ್ಕಿದ್ದವರಿಗೇ ಹೋಯಿತು. ಅದು ನ್ಯಾಯವೇ, ಹಾಡು ನಮ್ಮದಲ್ಲ. ಆದರೆ ಹೊಸಬರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ನನಗೆ ತುಂಬಾ ನೋವಾಗುವ ವಿಷಯ ಬೇರೆ. ಮಂಡಿಯಲ್ಲಿ ಸರಕು ಅನ್ನುವ ಮೇಲ್ದರ್ಜೆಯ ಅಡಿಕೆಗೆ ಒಂದು ಬೆಲೆ, ಗೊರಬಲು ಅನ್ನುವ ಕೆಳದರ್ಜೆಯದಕ್ಕೆ ಒಂದು ಬೆಲೆ. ಅಲ್ಲಿ ಮಾಲಿನ ಗುಣ ನೋಡಿ ಬೆಲೆ. ಇಲ್ಲಿ ಓದುವವರ ಊರು, ಭಾಷೆ ನೋಡಿ ಬೆಲೆ. ನಮ್ಮ ಅದೇ ತಂಬುಳಿ ಪುಟ, ಅದೇ ಅಕ್ಷರ, ಶಿವಮೊಗ್ಗದವರು ತೆರೆದರೆ ಒಂದಿಷ್ಟು ಪೈಸೆ, ಅಮೆರಿಕದಲ್ಲಿರುವ ಕನ್ನಡದವರು ತೆರೆದರೆ ಅದಕ್ಕಿಂತ ಎಷ್ಟೋ ಪಟ್ಟು. ನಮ್ಮ ಖಾತೆಯಲ್ಲಿ ಇದನ್ನು ತಿಂಗಳು ತಿಂಗಳು ನೋಡುತ್ತೇನೆ. ಅಮೆರಿಕದಲ್ಲಿ ಆ ಓದುಗರಿಗಾಗಿ ಬೆಲೆ ಕೂಗುವ ಸಾಲದ ಕಂಪನಿ, ವಿಮೆ ಕಂಪನಿಗಳು ಹತ್ತಾರು ಇವೆ. ಇಲ್ಲಿ ಕನ್ನಡ ಓದುವವರೇ ಬೇಕು ಅಂತ ಕೂಗುವವರು ಬಹಳ ಕಮ್ಮಿ. ಭಾಷೆಯ ಲೆಕ್ಕದಲ್ಲೂ ನಾವು ತಡವಾಗಿ ಬಂದವರು. ಆಡ್‌ಸೆನ್ಸ್ ಹಿಂದಿಯನ್ನು ಸೇರಿಸಿಕೊಂಡದ್ದು 2014ರ ಕೊನೆಯಲ್ಲಿ, ತಮಿಳು, ತೆಲುಗನ್ನು 2018ರಲ್ಲಿ, ಕನ್ನಡ ಸೇರಿದ್ದು ಅದಾದ ಮೇಲೆ. ಈಗಂತೂ ಆ ಅಡ್ಡಿ ಇಲ್ಲ. ಆದರೂ ಟೆಂಡರಿಗೆ ವ್ಯಾಪಾರಿಗಳೇ ಬರದಿದ್ದರೆ ಮಾಲು ಎಷ್ಟು ಚೆನ್ನಾಗಿದ್ದು ಏನು ಬಂತು, ಅಲ್ವಾ? ದಸರಾ, ದೀಪಾವಳಿ ಹೊತ್ತಿಗೆ ಎಲ್ಲ ಕಂಪನಿಗಳೂ ಖರ್ಚು ಮಾಡುವುದರಿಂದ ನಮ್ಮ ಬೆಲೆಯೂ ಸ್ವಲ್ಪ ಏರುತ್ತದೆ. ಜನವರಿ ಬಂದರೆ ಮತ್ತೆ ಇಳಿಯುತ್ತದೆ.

ಇದರಿಂದ ಆಗುವುದನ್ನು ನೀವೂ ನೋಡಿರುತ್ತೀರಿ. ಒಂದು ಓದಿಗೆ ಸಿಗುವುದು ಪೈಸೆ ಆದಾಗ, ಒಂದೇ ಪುಟಕ್ಕೆ ಹತ್ತು ಜಾಹೀರಾತು ತುರುಕುತ್ತಾರೆ. ಎರಡು ಸಾಲು ಓದುವಷ್ಟರಲ್ಲಿ ಮತ್ತೊಂದು ಬಂದು ಮುಚ್ಚುತ್ತದೆ. "ಈ ಎಲೆ ತಿಂದರೆ ಏನಾಗುತ್ತದೆ ಗೊತ್ತಾ, ಬೆಚ್ಚಿಬೀಳುತ್ತೀರಿ" ಅಂಥ ತಲೆಬರಹ ಹಾಕುತ್ತಾರೆ. ಎಷ್ಟೋ ಕನ್ನಡದ ಹುಡುಗರು ಬೆಟ್ಟಿಂಗ್ ಆ್ಯಪುಗಳನ್ನು ಹೊಗಳಿ ದುಡ್ಡು ತೆಗೆದುಕೊಂಡರು. ಜಾಹೀರಾತಿನ ಪಾಲಿನಲ್ಲಿ ಬದುಕು ನಡೆಯದೆ ಆ ದಾರಿ ಹಿಡಿದವರೂ ಅವರಲ್ಲಿದ್ದಾರೆ. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಒಳ್ಳೆಯದೇ ಆಯಿತು. ನಮಗೂ ಅಂಥ ಇಮೇಲ್‌ಗಳು ಬಂದಿದ್ದವು, ಒಂದಕ್ಕೂ ಉತ್ತರ ಕೊಡಲಿಲ್ಲ. ದುಡ್ಡು ತೆಗೆದುಕೊಂಡು ಏನನ್ನಾದರೂ ಹೊಗಳಿದರೆ ಅದನ್ನು ನೋಡುವವರಿಗೆ ಸ್ಪಷ್ಟವಾಗಿ ಹೇಳಬೇಕು ಅನ್ನುವ ನಿಯಮ ಈಗ ಇದೆ. ಪುಕ್ಕಟೆ ಕುಕ್ಕರ್ ಕಳಿಸಿದ್ದರೂ ಹೇಳಬೇಕು.

ಓದುಗರಲ್ಲಿ ಒಂದು ಕೋರಿಕೆ. ದಯವಿಟ್ಟು "ಪಾಪ, ಅವರಿಗೆ ದುಡ್ಡಾಗಲಿ" ಅಂತ ಜಾಹೀರಾತು ಒತ್ತಬೇಡಿ. ನಮ್ಮ ವೆಬ್‌ಸೈಟ್ ಶುರುವಾದ ಹೊಸದರಲ್ಲಿ ಮನೆಯವರು, ಅತ್ತೆ ಮನೆಯವರು, ಅವರ ವಾಟ್ಸಾಪ್ ಗುಂಪಿನವರು ಎಲ್ಲ ಸೇರಿ ಪ್ರೀತಿಯಿಂದ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಒತ್ತಿದರು. ಆಗ ನಾವು ಬಳಸುತ್ತಿದ್ದ ಜಾಹೀರಾತು ಜಾಲದವರು ಇದು ಸುಳ್ಳು ಕ್ಲಿಕ್ ಅಂತ ಖಾತೆ ನಿಲ್ಲಿಸಿದರು. ಸೇರಿದ್ದ ದುಡ್ಡೂ ಹೋಯಿತು. ಅವರ ತಪ್ಪಿಲ್ಲ. ಆ ಕ್ಲಿಕ್ಕಿಗೆ ಎಲ್ಲೋ ಒಬ್ಬ ಅಂಗಡಿಯವನ ದುಡ್ಡು ಸುಮ್ನೆ ಹೋಗುತ್ತಿತ್ತು. ನಿಮಗೆ ಸಹಾಯ ಮಾಡಬೇಕು ಅನ್ನಿಸಿದರೆ ಪುಟವನ್ನು ಪೂರ್ತಿ ಓದಿ, ವಿಡಿಯೊ ಕೊನೆತನಕ ನೋಡಿ, ಇಷ್ಟವಾದರೆ ಇನ್ನೊಬ್ಬರಿಗೆ ಕಳಿಸಿ. ಎಂಟು ನಿಮಿಷಕ್ಕಿಂತ ಉದ್ದದ ವಿಡಿಯೊಗಳಲ್ಲಿ ನಡುವೆಯೂ ಜಾಹೀರಾತು ಹಾಕಬಹುದು. ನೀವು ಎರಡೇ ನಿಮಿಷಕ್ಕೆ ಎದ್ದು ಹೋದರೆ ಅದು ಯಾರಿಗೂ ಕಾಣುವುದಿಲ್ಲ.

ಅಂಗಡಿ, ಗಾಣ, ನರ್ಸರಿ ಇಟ್ಟುಕೊಂಡವರಿಗೂ ಒಂದು ಮಾತು. ನೀವು ಊರ ಜಾತ್ರೆಯ ಕರಪತ್ರಕ್ಕೆ, ಯಕ್ಷಗಾನದ ಟಿಕೆಟಿನ ಹಿಂಬದಿಗೆ, ಈ ಪತ್ರಿಕೆಗೆ ಜಾಹೀರಾತು ಕೊಡುತ್ತೀರಿ. ಮೊಬೈಲಿನಲ್ಲಿ ಕೊಡುವುದೆಂದರೆ ಏನೋ ದೊಡ್ಡ ಕಂಪನಿಗಳ ವ್ಯವಹಾರ ಅಂತ ದೂರ ಇರುತ್ತೀರಿ. ಇವತ್ತು ದಿನಕ್ಕೆ ಇಷ್ಟೇ ಖರ್ಚು, ಇಂಥ ಜಿಲ್ಲೆಯವರಿಗೇ ಕಾಣಲಿ, ಕನ್ನಡದವರಿಗೇ ಕಾಣಲಿ ಅಂತ ನೀವೇ ಗುರುತು ಹಾಕಿ ಜಾಹೀರಾತು ಕೊಡಬಹುದು. ಇಲ್ಲವೇ ನೇರವಾಗಿ ನಮ್ಮಂಥವರ ಹತ್ತಿರವೇ ಮಾತಾಡಬಹುದು, ಆಗ ನಡುವೆ ಯಾರಿಗೂ ಪಾಲಿಲ್ಲ. ಹೋದ ವರ್ಷ ಗೌರಿ ಹಬ್ಬದ ಹೊತ್ತಿಗೆ ಪಕ್ಕದ ಊರಿನ ಕೊಬ್ಬರಿ ಎಣ್ಣೆ ಗಾಣದವರು ನಮ್ಮ ಪುಟದಲ್ಲಿ ಮೂರು ತಿಂಗಳಿಗೆ ಒಂದು ಜಾಗ ತೆಗೆದುಕೊಂಡರು. ಕೂತು ಮಾತಾಡಿ, ಕಾಫಿ ಕುಡಿದು, ಬೆಲೆ ಗೊತ್ತು ಮಾಡಿದೆವು. ಆ ಮೂರು ತಿಂಗಳಲ್ಲಿ ಆ ಒಂದು ಜಾಗದಿಂದ ಬಂದದ್ದು ಟೆಂಡರಿನಿಂದ ಬರುತ್ತಿದ್ದುದಕ್ಕಿಂತ ಜಾಸ್ತಿ. ಅವರಿಗೂ ಫೋನ್ ಮಾಡಿ ಎಣ್ಣೆ ಕೇಳಿದವರು ಇದ್ದರು, ಇಲ್ಲದಿದ್ದರೆ ಈ ವರ್ಷ ಮತ್ತೆ ಬರುತ್ತಿರಲಿಲ್ಲ.

ಸಂಪಾದಕರೇ, ನಿಮ್ಮ ಪತ್ರಿಕೆಯ ವೆಬ್‌ಸೈಟಿನಲ್ಲೂ ಎಲ್ಲೆಲ್ಲಿನದೋ ಸಾಲದ ಜಾಹೀರಾತು, ಹೊಟ್ಟೆ ಕರಗಿಸುವ ಪುಡಿಯ ಜಾಹೀರಾತು ಕಾಣುತ್ತವೆ. ಅಚ್ಚಿನ ಪತ್ರಿಕೆಯಲ್ಲಿ ಒಂದು ಸಾಲಿಗೆ ಇಷ್ಟು ಅಂತ ದರಪಟ್ಟಿ ಇಟ್ಟು, ಮನೆ ಬಾಡಿಗೆಗಿದೆ ಅನ್ನುವವರಿಂದ ಹಿಡಿದು ಎಲ್ಲರಿಗೂ ಜಾಗ ಕೊಟ್ಟವರು ನೀವು. ಅಂಥದೇ ಒಂದು ದರಪಟ್ಟಿಯನ್ನು ತಾಲ್ಲೂಕುವಾರು ವೆಬ್‌ಸೈಟಿಗೂ ಮಾಡಿ. ಸಾಗರದ ಸುದ್ದಿಯ ಕೆಳಗೆ ಸಾಗರದ ಅಂಗಡಿ ಇರಲಿ. ಬೆಲೆ ಎಷ್ಟು, ಯಾರನ್ನು ಕೇಳಬೇಕು ಅನ್ನುವುದು ಪತ್ರಿಕೆಯಲ್ಲೇ ಅಚ್ಚಾಗಲಿ. ನಮ್ಮ ಗಾಣದವರು ಆಗಲೇ ಕೇಳುತ್ತಿದ್ದಾರೆ.

ಇಂತಿ,
ಅಡುಗೆ ವೆಬ್‌ಸೈಟ್ ನಡೆಸುವ ಓದುಗರೊಬ್ಬರು, ಸಾಗರ