ತಂತಿ ಬಿಗಿದ ಮೇಲೆ ಓರೆ ಹೆಚ್ಚಾಯಿತೆಂದು ಬರೆದೆಯಲ್ಲ

ಚಿರಂಜೀವಿ ಮಗುವಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಓರೆಯಾಗಿ ಬೆಳೆದ ನಿನ್ನ ದವಡೆಯನ್ನು ಸರಿಪಡಿಸಲು ಮುಂದೆ ಆಗಬೇಕಿರುವ ಶಸ್ತ್ರಚಿಕಿತ್ಸೆಯ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ, ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ಹಲ್ಲಿಗೆ ತಂತಿ ಹಾಕಿಸಿದ ಮೇಲೆ ಮುಖ ಇನ್ನಷ್ಟು ಓರೆಯಾಗಿ ಕಾಣುತ್ತಿದೆ, ವೈದ್ಯರು ಎಲ್ಲೋ ತಪ್ಪಿದ್ದಾರೆಯೇ ಎಂದು ನೀನು ಬರೆದ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. ಏಕೆಂದರೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇದೇ ಮಾತನ್ನಾಡಿ ತಂತಿಯನ್ನು ಅರ್ಧದಲ್ಲೇ ಬಿಚ್ಚಿಸಿಕೊಂಡು ಬಂದವಳು ನಾನು.

ಅವರು ತಪ್ಪಿರಲಾರರು ಎಂದೇ ನನಗನ್ನಿಸುತ್ತದೆ. ದವಡೆ ಓರೆಯಾಗಿ ಬೆಳೆಯುವಾಗ ಹಲ್ಲುಗಳು ಹೇಗಾದರೂ ಒಂದಕ್ಕೊಂದು ಕೂಡಬೇಕೆಂದು ತಾವೂ ವಾಲಿಕೊಂಡು, ಮೂಳೆಯ ದೋಷವನ್ನು ಅಷ್ಟಿಷ್ಟು ಮರೆಮಾಡುತ್ತವೆ. ಶಸ್ತ್ರಚಿಕಿತ್ಸೆಗೆ ಮುಂಚಿನ ತಂತಿ, ಸಾಮಾನ್ಯವಾಗಿ 12ರಿಂದ 18 ತಿಂಗಳು ಹಿಡಿದು, ಆ ವಾಲಿಕೆಯನ್ನು ಬಿಡಿಸಿ ಹಲ್ಲುಗಳನ್ನು ಅವವುಗಳ ಮೂಳೆಯ ಮೇಲೆ ನೆಟ್ಟಗೆ ನಿಲ್ಲಿಸುತ್ತದೆ. ಆಗ ಮರೆಯಲ್ಲಿದ್ದ ಓರೆಯೆಲ್ಲ ಹೊರಬೀಳುತ್ತದೆ. ಹಾಗೆ ಬಿಡಿಸದಿದ್ದರೆ, ಮೂಳೆಯನ್ನು ಬೇಕಾದಷ್ಟು ಸರಿಸಲು ಹಲ್ಲುಗಳೇ ಅಡ್ಡ ಬರುತ್ತವೆ.

ಇದನ್ನೆಲ್ಲ ನನಗೂ ಹೇಳಿದ್ದಿರಬೇಕು, ನಾನು ಕೇಳಿಸಿಕೊಳ್ಳಲಿಲ್ಲ. ಮರದ ಪಟ್ಟಿಯೊಂದನ್ನು ಅಡ್ಡಲಾಗಿ ಕಚ್ಚಿಸಿ ಕನ್ನಡಿ ಹಿಡಿದಾಗ ಅದು ಕಣ್ಣುಗಳ ಮಟ್ಟಕ್ಕೆ ಸಮನಾಗಿರದೆ ಬಲಕ್ಕೆ ಇಳಿದಿದ್ದುದಷ್ಟೇ ನನಗೆ ನೆನಪಿದೆ. ಎಂಟು ತಿಂಗಳಾಗುವಷ್ಟರಲ್ಲಿ ಕೆಳಹಲ್ಲುಗಳ ನಡುಗೆರೆ ಮೇಲಿನದಕ್ಕಿಂತ ಒಂದು ಹಲ್ಲಿನಗಲ ಆಚೆ ಹೋಗಿತ್ತು. ಅತ್ತು ಹಟ ಹಿಡಿದೆ, ಅಪ್ಪ ಸೋತರು. ತಂತಿ ಬಿಚ್ಚಿದ ಹಲ್ಲುಗಳು ಹಳೆಯ ವಾಲಿಕೆಗೇ ಮರಳಿದವು, ನಾನು ಇಂದಿಗೂ ಒಂದೇ ಬದಿಯಲ್ಲಿ ಅಗಿಯುತ್ತೇನೆ.

ಉಪದೇಶಿಸುವ ಯೋಗ್ಯತೆ ನನಗಿಲ್ಲ. ಆದರೂ ಆ ಪ್ರಶ್ನೆಯನ್ನು ನನಗೆ ಬರೆಯುವ ಬದಲು ವೈದ್ಯರಿಗೇ ಕೇಳು, ಮೊದಲ ದಿನ ತೆಗೆದ ನಿನ್ನ ಹಲ್ಲಿನ ಅಚ್ಚನ್ನೂ ಫೋಟೋಗಳನ್ನೂ ಪಕ್ಕದಲ್ಲಿಟ್ಟು ತೋರಿಸಲು ಹೇಳು. ದವಡೆಯ ಬೆಳವಣಿಗೆ ನಿಂತಿರುವುದನ್ನು ಖಚಿತಪಡಿಸಿಕೊಂಡಿದ್ದಾರೆಯೇ ಎಂದೂ ವಿಚಾರಿಸು. ಒಂದು ಬದಿಯ ಕೀಲಿನ ಬಳಿ ಮೂಳೆ ಇನ್ನೂ ಬೆಳೆಯುತ್ತಿದ್ದರೆ ಮಾತ್ರ ನಿನ್ನ ಭಯಕ್ಕೆ ಬೇರೆಯೇ ಅರ್ಥವಿದೆ. ಶಸ್ತ್ರಚಿಕಿತ್ಸೆಯ ನಂತರ ಕೆಳತುಟಿ ಜೋಮು ಹಿಡಿದಂತಾಗುವುದುಂಟು, ಕೆಲವರಿಗೆ ಅದು ಸ್ವಲ್ಪ ಉಳಿದೇಬಿಡುತ್ತದೆ. ನೀನು ಕೇಳದಿದ್ದರೂ ಮುಚ್ಚಿಡಲು ಮನಸ್ಸಾಗಲಿಲ್ಲ.

ತಂತಿ ಬಿಚ್ಚಿಸುವ ಮುನ್ನ ತೆಗೆದ ನನ್ನ ಹಲ್ಲಿನ ಅಚ್ಚು ಇನ್ನೂ ಪೆಟ್ಟಿಗೆಯಲ್ಲಿದೆ. ಬಾಯಲ್ಲಿ ಇದ್ದಂತೆಯೇ ಮೇಲಿನದನ್ನೂ ಕೆಳಗಿನದನ್ನೂ ಜೋಡಿಸಿದರೆ ಕೂರುವುದೇ ಇಲ್ಲ. ಕೆಳಗಿನದನ್ನು ಒಂದು ಹಲ್ಲಿನಗಲ ಪಕ್ಕಕ್ಕೆ ಸರಿಸಿದರೆ ಎರಡೂ ಹೆಚ್ಚುಕಡಿಮೆ ಸರಿಯಾಗಿ ಕೂಡಿಕೊಳ್ಳುತ್ತವೆ. ಅದನ್ನು ನಾನು ಸರಿಸಿ ನೋಡಿದ್ದು ಇಪ್ಪತ್ತು ವರ್ಷಗಳ ಮೇಲೆ. ನೀನು ಬಂದಾಗ ತೋರಿಸುತ್ತೇನೆ.

ಇಂತಿ,
ನಿನ್ನ ಅತ್ತೆ