ದನಿ ಬಾಡಿಗೆಗಿರಲಿ, ಕ್ರಯಕ್ಕೆ ಬೇಡ

ಪ್ರೀತಿಯ ರಘು,

ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ನಿನ್ನ ದನಿ ಕಲಿಸಲು ಕಂಪನಿಯವರು ಕೊಟ್ಟಿರುವ, ನೀನು ವಾಟ್ಸಾಪಿನಲ್ಲಿ ಕಳಿಸಿದ ಕರಾರುಪತ್ರವನ್ನು ಪೂರ್ತಿ ಓದಿದೆ. ದುಡ್ಡಿನ ಅಂಕಿ ನೋಡಿ ನನಗೂ ಕಣ್ಣರಳಿತು, ಸುಳ್ಳು ಯಾಕೆ ಹೇಳಲಿ. ಅವರು ಕೊಟ್ಟ ವಾಕ್ಯಗಳನ್ನು ಕೆಲವು ದಿನ ಸ್ಟುಡಿಯೋದಲ್ಲಿ ಕೂತು ಓದಿದರೆ, ತಿಂಗಳುಗಟ್ಟಲೆ ಡಬ್ಬಿಂಗ್ ಮಾಡಿ ಗಳಿಸುವಷ್ಟು ಒಂದೇ ಗಂಟಿನಲ್ಲಿ ಕೈಗೆ. ಆದರೆ ಕೊನೆಯ ಪುಟಗಳಲ್ಲಿ ಒಂದು ಕಲಮು ಅಡಗಿ ಕೂತಿದೆ. ಈ ಧ್ವನಿಮುದ್ರಣವನ್ನೂ ಅದರಿಂದ ತಯಾರಾಗುವ ಯಾವುದೇ ಮಾದರಿಯನ್ನೂ, ಅಂದರೆ ನಿನ್ನ ದನಿಯಲ್ಲಿ ಮಾತಾಡುವ ತಂತ್ರಾಂಶವನ್ನೂ, ಲೋಕದ ಎಲ್ಲೆಡೆ, ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ ಬಳಸುವ, ಬೇರೆಯವರಿಗೆ ಕೊಡುವ ಹಕ್ಕು ಅವರದಂತೆ. ಇದು ಕ್ರಯಪತ್ರ ಕಣೋ. ದನಿಯನ್ನು ಬಾಡಿಗೆಗೆ ಕೊಡು, ನಾನು ಅಡ್ಡ ಬರೋದಿಲ್ಲ. ಕ್ರಯಕ್ಕೆ ಮಾತ್ರ ಬರೆದುಕೊಡಬೇಡ.

'ಮಷೀನಿಗೆ ನನ್ನ ಹಾಗೆ ಮಾತಾಡೋಕೆ ಎಲ್ಲಿ ಬರುತ್ತೆ' ಅಂತ ನಕ್ಕಿದ್ದೀಯ. ಒಂದು ಅರ್ಥದಲ್ಲಿ ಸರಿ. ಪರದೆಯ ಮೇಲೆ ತುಟಿ ಮುಚ್ಚಿದ ಕಡೆ ಪ, ಬ, ಮ ಬೀಳಲಿ ಎಂದು ಪದ ಹುಡುಕಿ ಸಂಭಾಷಣೆ ಬರೆಯುವವನು ನಾನು. ನಾನು ಸೋತ ಜಾಗದಲ್ಲಿ ಕೈ ಹಿಡಿಯುವವನು ನೀನು. ತೆಲುಗಿನವನು 'ವೆಳ್ಳಿಪೋ' ಅಂದದ್ದಕ್ಕೆ ನಾನು 'ಹೊರಟು ಹೋಗು' ಅಂತ ಬರೆದಿದ್ದರೆ, ಕೊನೆಗೆ ತುಟಿ ಕೂಡುತ್ತಿಲ್ಲ ಎಂದು ಮೈಕಿನ ಮುಂದೆಯೇ 'ಹೋಗಪ್ಪ' ಅಂದುಬಿಡುತ್ತೀಯ. ಸಿಟ್ಟೂ ಉಳಿಯುತ್ತದೆ, ತುಟಿಯೂ ಕೂಡುತ್ತದೆ. ಈ ಜಾಣತನಕ್ಕೆ ಅವರು ದುಡ್ಡು ಕೊಡುತ್ತಿಲ್ಲ. ಅವರಿಗೆ ಬೇಕಾಗಿರುವುದು ನಿನ್ನ ಗಂಟಲು ಮಾತ್ರ.

ಗಂಟಲಿನ ನಕಲು ಈಗ ಎಷ್ಟು ಸಲೀಸು ಗೊತ್ತಾ? 2023ರ ಜನವರಿಯಲ್ಲೇ ಮೈಕ್ರೋಸಾಫ್ಟಿನ ಸಂಶೋಧಕರು ಮೂರು ಸೆಕೆಂಡಿನ ತುಣುಕಿನಿಂದ ಒಬ್ಬರ ದನಿ ಕಟ್ಟಿ ತೋರಿಸಿದರು. ಮರುವರ್ಷ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ 15 ಸೆಕೆಂಡಿನ ತುಣುಕು ಸಾಕು ಅನ್ನುವ ತನ್ನ ಸಲಕರಣೆಯನ್ನು ಪ್ರಕಟಿಸಿ, ದುರ್ಬಳಕೆಯ ಭಯಕ್ಕೆ ಎಲ್ಲರ ಕೈಗೂ ಕೊಡದೆ ತಡೆಹಿಡಿಯಿತು. ಹಾಗಿದ್ದ ಮೇಲೆ ಇವರಿಗೆ ನಿನ್ನಿಂದ ಗಂಟೆಗಟ್ಟಲೆ ಓದು ಯಾಕೆ ಬೇಕು? ಒಂದು ಕಾರಣ, ಗದ್ದಲವಿಲ್ಲದ, ನಗು ಅಳು ಎಲ್ಲ ಇರುವ ಸ್ಟುಡಿಯೋ ಮುದ್ರಣದಿಂದ ತಯಾರಾದ ದನಿ ಇಡೀ ಕಾದಂಬರಿ ಓದಿದರೂ ಕೇಳುವವರಿಗೆ ಬೇಸರವಾಗೋದಿಲ್ಲ. ಇನ್ನೊಂದು ಕಾರಣ ನನಗೆ ಮುಖ್ಯ ಅನ್ನಿಸುತ್ತದೆ. ನಿನ್ನ ದನಿ ಯೂಟ್ಯೂಬಿನಲ್ಲಿ ಬೇಕಾದಷ್ಟು ಬಿದ್ದಿದೆ. ಇಲ್ಲದಿರುವುದು ನಿನ್ನ ಸಹಿ. ಆ ಗಂಟಿನಲ್ಲಿ ಬಹುಪಾಲು ಸಹಿಯ ಬೆಲೆ ಅಂತ ಇಟ್ಟುಕೋ.

ನ್ಯೂಯಾರ್ಕಿನ ಒಂದು ಕೇಸು ಹೇಳುತ್ತೇನೆ. ಪಾಲ್ ಲೆರ್ಮನ್, ಲಿನ್ನಿಯಾ ಸೇಜ್ ಅಂತ ದಂಪತಿ, ಇಬ್ಬರೂ ನಿನ್ನ ಕಸುಬಿನವರೇ. 2023ರಲ್ಲಿ ಕಾರಿನಲ್ಲಿ ಹೋಗುತ್ತಾ ಪಾಡ್‌ಕಾಸ್ಟ್ ಕೇಳುತ್ತಿದ್ದರು. ವಿಷಯ, ಕೃತಕ ಬುದ್ಧಿಮತ್ತೆಯಿಂದ ಹಾಲಿವುಡ್ಡಿನವರ ಹೊಟ್ಟೆಪಾಡು ಏನಾಗುತ್ತದೆ ಎಂಬುದು. ಅದರಲ್ಲಿ ಒಂದು ಯಂತ್ರವನ್ನು ಮಾತಾಡಿಸಿದರು, ಅದು ಪಾಲ್‌ನ ದನಿಯಲ್ಲಿ ಉತ್ತರ ಕೊಟ್ಟಿತು! ಹಿಂದೆ ಆನ್‌ಲೈನಿನಲ್ಲಿ ಸಿಕ್ಕ ಸಣ್ಣ ಕೆಲಸಕ್ಕೆ ಅವನು 1,200 ಡಾಲರಿಗೆ, ಅವಳು 400 ಡಾಲರಿಗೆ ಓದಿಕೊಟ್ಟಿದ್ದರು. ಸಂಶೋಧನೆಗೆ, ಪರೀಕ್ಷೆಗೆ ಅಂತ ನಂಬಿಸಿದ್ದರು ಎನ್ನುವುದು ಅವರ ದೂರು. ಯಂತ್ರದ ದನಿ ಮಾರುವ ಲೋವೋ ಎಂಬ ಕಂಪನಿಯ ಮೇಲೆ 2024ರಲ್ಲಿ ದಾವೆ ಹೂಡಿದರು. ಮರುವರ್ಷದ ಜುಲೈನಲ್ಲಿ ನ್ಯಾಯಾಧೀಶರು ಟ್ರೇಡ್‌ಮಾರ್ಕಿನ ವಾದವನ್ನೂ ಕೃತಿಸ್ವಾಮ್ಯದ ವಾದಗಳಲ್ಲಿ ಹೆಚ್ಚಿನವನ್ನೂ ತಳ್ಳಿಹಾಕಿದರು. ಕರಾರು ಮುರಿದ ಆರೋಪವನ್ನು ಉಳಿಸಿಕೊಂಡರು. ಕರಾರು ಎಂದಾಗ ನಿನ್ನ ಕಾಗದ ನೆನಪಿಗೆ ಬರಲಿ. ಇಂಥದ್ದಕ್ಕೆ ಮಾತ್ರ ಬಳಸುತ್ತೇವೆ ಎಂದು ಕೊಟ್ಟ ಮಾತೂ ಅವರಿಗೆ ಆಸರೆಯಾಯಿತು. ನಿನ್ನದರಲ್ಲಿ ಅದನ್ನೇ ಉಲ್ಟಾ ಬರೆದಿದ್ದಾರೆ.

ನಮ್ಮಲ್ಲಿ ಕಾನೂನು ಕಾಯುವುದಿಲ್ಲವೇ ಅಂತ ಕೇಳುತ್ತೀಯ. ಅರ್ಧಂಬರ್ಧ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂದು ಕಲಾವಿದರ ಪ್ರದರ್ಶನದ ಹಕ್ಕು ಗಟ್ಟಿಯಾಯಿತು. ಆದರೆ ಅದು ಕಾಯುವುದು ನೀನು ಆಡಿದ ಮಾತನ್ನು. ನೀನು ಯಾವತ್ತೂ ಆಡದ ಮಾತು ನಿನ್ನ ದನಿಯಲ್ಲಿ ಬಂದರೆ ಅದು ನಿನ್ನ ಪ್ರದರ್ಶನವೇ ಅಲ್ಲ ಎಂದು ವಾದಿಸಲು ಅವರಿಗೆ ಜಾಗ ಸಿಗುತ್ತದೆ. 2023ರ ದತ್ತಾಂಶ ರಕ್ಷಣೆ ಕಾಯ್ದೆ ನೋಡಿದರೆ, ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ನೀನು ನಿನ್ನ ಚಾನೆಲ್ಲಿನಲ್ಲಿ ಕವಿತೆ ಓದಿ ಹಾಕಿದ್ದೀಯಲ್ಲ, ಅದರ ಗತಿ ಏನು ಅಂತ ಯೋಚಿಸು.

ಇನ್ನು ಕೋರ್ಟು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ನಮ್ಮ ಕೆ.ಎಸ್. ಪುಟ್ಟಸ್ವಾಮಿಯವರ ಕೇಸಿನಲ್ಲಿ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿ, ಎಂಬತ್ತು ದಾಟಿದ ಮೇಲೆ ಆಧಾರ್ ವಿರುದ್ಧ ಅರ್ಜಿ ಹಾಕಿದ ಹಿರಿಯರು. ಆ ತೀರ್ಪಿನಲ್ಲೇ ನ್ಯಾಯಮೂರ್ತಿ ಕೌಲ್, ತನ್ನ ಗುರುತನ್ನು ಯಾರು ವ್ಯಾಪಾರಕ್ಕೆ ಬಳಸಬೇಕು ಎಂಬುದರ ಹಿಡಿತ ಆಯಾ ವ್ಯಕ್ತಿಗೇ ಇರಬೇಕು ಎಂದು ಬರೆದಿದ್ದಾರೆ. 2024ರ ಜುಲೈನಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಹೇಳದೆ ಕೇಳದೆ ನಕಲು ಮಾಡುವ ಸಲಕರಣೆಗಳಿಗೆ ಬಾಂಬೆ ಹೈಕೋರ್ಟ್ ತಡೆ ಹಾಕಿತು. ಒಳ್ಳೆಯದೇ. ಆದರೆ ಅರಿಜಿತ್ ಹೆಸರು ಗೊತ್ತಿಲ್ಲದವರಿಲ್ಲ. ನಿನ್ನ ದನಿ ಮನೆಮನೆಗೂ ಗೊತ್ತು, ಹೆಸರು ಟೈಟಲ್ ಕಾರ್ಡಿನಲ್ಲೂ ಬರೋದಿಲ್ಲ. ಖ್ಯಾತಿಯ ಆಧಾರದ ಮೇಲೆ ನಿಂತ ಹಕ್ಕು ಅನಾಮಿಕನಿಗೆ ಎಷ್ಟು ಆದೀತು?

ರಶ್ಮಿಕಾ ಮಂದಣ್ಣ ಪ್ರಕರಣದಲ್ಲಿ ನನ್ನನ್ನು ಕಾಡಿದ್ದೂ ಇದೇ. 2023ರ ನವೆಂಬರಿನಲ್ಲಿ ಅವರ ಮುಖವನ್ನು ಇನ್ನೊಬ್ಬ ಹೆಣ್ಣುಮಗಳ ವಿಡಿಯೋಗೆ ಅಂಟಿಸಿ ಹರಿಬಿಟ್ಟಾಗ ದೇಶವೆಲ್ಲ ಎದ್ದು ಕೂತಿತು. ಮೂರು ತಿಂಗಳೊಳಗೆ ದೆಹಲಿ ಪೊಲೀಸರು ಆಂಧ್ರದವನೊಬ್ಬನನ್ನು ಹಿಡಿದರು. ಸರಿ, ಯಾರ ಮೈಯನ್ನು ಬಳಸಿಕೊಂಡರೋ ಆಕೆಯನ್ನು ಎಷ್ಟು ಜನ ಕೇಳಿದರು? ರಘು, ಈ ವ್ಯವಹಾರದಲ್ಲಿ ನೀನು ಆಕೆಯ ಜಾಗದಲ್ಲಿದ್ದೀಯ.

ತಂತ್ರಜ್ಞಾನವೇ ಬೇಡ ಅನ್ನುವ ಜಾತಿ ನಾನಲ್ಲ. ದಶಕಗಳ ಕಾಲ ಡಬ್ಬಿಂಗೇ ಬೇಡ ಎಂದ ಚಿತ್ರರಂಗ ನಮ್ಮದು, 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ತಾನೆ ಬಾಗಿಲು ತೆರೆದದ್ದು. ಆಗ ಹೆದರಿದವರು ಬೇರೆ, ಈಗ ಹೆದರುವ ಸರದಿ ನಮ್ಮದು. ಎ.ಆರ್. ರೆಹಮಾನ್ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಯಂತ್ರದಿಂದ ಹಾಡಿಸಿದಾಗ ಅವರ ಮನೆಯವರನ್ನು ಕೇಳಿದರು, ಸಂಭಾವನೆ ಕೊಟ್ಟರು. ಅದೇ ಹೊತ್ತಿಗೆ, ಎಸ್‌ಪಿಬಿಯವರ ದನಿಯನ್ನು ಕೇಳದೆ ಬಳಸಿದರೆಂದು ಅವರ ಮಗ ತೆಲುಗು ಚಿತ್ರತಂಡವೊಂದಕ್ಕೆ ನೋಟಿಸು ಕಳಿಸಬೇಕಾಯಿತು. ಎರಡರಲ್ಲಿ ಮೊದಲನೆಯದೇ ಮರ್ಯಾದೆಯ ದಾರಿ. ಆದರೂ ಮನೆಯವರು ಒಪ್ಪಿದರು ಅಂದಮಾತ್ರಕ್ಕೆ ಹಾಡಿದವರು ಒಪ್ಪಿದಂತಾಯಿತೇ? ನನಗೆ ಆ ವಿಷಯ ಇನ್ನೂ ಬಗೆಹರಿದಿಲ್ಲ.

ಮೈಸೂರಿನವನಾದ ತಪ್ಪಿಗೆ ಗಾಯಕಿ ಗೌಹರ್ ಜಾನ್ ಕಥೆ ಹೇಳದೆ ಬಿಡಲಾರೆ. 1902ರಲ್ಲಿ ಕಲ್ಕತ್ತದಲ್ಲಿ ಹಾಡು ಮುದ್ರಿಸಿಕೊಟ್ಟಾಗ ಕೊನೆಯಲ್ಲಿ ಇಂಗ್ಲಿಷಿನಲ್ಲಿ 'ನನ್ನ ಹೆಸರು ಗೌಹರ್ ಜಾನ್' ಎಂದು ಕೂಗಿ ಹೇಳುತ್ತಿದ್ದರು. ರೆಕಾರ್ಡು ಒತ್ತುತ್ತಿದ್ದುದು ಜರ್ಮನಿಯಲ್ಲಿ, ಯಾರ ಹಾಡು ಅಂತ ಅಲ್ಲಿನವರಿಗೆ ತಿಳಿಯಬೇಕಲ್ಲ. ಆಮೇಲೆ ನಮ್ಮ ಆಸ್ಥಾನಕ್ಕೆ ಬಂದು, 1930ರಲ್ಲಿ ಇಲ್ಲೇ ತೀರಿಕೊಂಡರು. ಆ ತಟ್ಟೆಗಳಿಂದ ಹೆಸರನ್ನು ಕಿತ್ತುಹಾಕಲು ಯಾರಿಂದಲೂ ಆಗದು. ನಿನ್ನ ಕರಾರಿನಲ್ಲಿ ಹೆಸರು ಹೇಳುವ ಬಾಧ್ಯತೆಯೇ ಇಲ್ಲ.

ಪಕ್ಕದ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ 'ಕಾರ್ಯ' ಎಂಬ ಬೆಂಗಳೂರಿನ ಲಾಭರಹಿತ ಸಂಸ್ಥೆ ಕನ್ನಡ ವಾಕ್ಯಗಳನ್ನು ಜನರಿಂದ ಫೋನಿನಲ್ಲಿ ಓದಿಸಿಕೊಂಡಿದೆ. ಗಂಟೆಗೆ ಸುಮಾರು 5 ಡಾಲರ್, ಅಂದರೆ ಆಗಿನ 400 ರೂಪಾಯಿ. ಅದೇ ದತ್ತಾಂಶ ಮತ್ತೊಬ್ಬರಿಗೆ ಮಾರಾಟವಾದರೆ ಓದಿದವರಿಗೆ ಮತ್ತೆ ಪಾಲು. ಅಲ್ಲಿ ನೂರಾರು ದನಿ ಸೇರಿ ಯಂತ್ರಕ್ಕೆ ಕನ್ನಡ ಕೇಳಿಸಿಕೊಳ್ಳಲು ಕಲಿಸುತ್ತವೆ, ಯಾರ ದನಿಯನ್ನೂ ಯಂತ್ರ ತೊಟ್ಟುಕೊಳ್ಳುವುದಿಲ್ಲ. ಅವರಿಗೇ ಮರುಮಾರಾಟದಲ್ಲಿ ಪಾಲಿದೆ ಎಂದ ಮೇಲೆ ನಿನಗೆ ಯಾಕಿಲ್ಲ ಅಂತ ಕೇಳು.

ಹಾಗಾಗಿ ಸಹಿಗೆ ಮುಂಚೆ ಇಷ್ಟನ್ನು ಬರೆಸಿಕೋ. ಅವಧಿ ಎರಡು ವರ್ಷ, ಆಮೇಲೆ ಹೊಸ ಕರಾರು. ಯಾವ ಕೆಲಸಕ್ಕೆ ಅನ್ನುವುದು ಪಟ್ಟಿಯಲ್ಲೇ ಇರಲಿ: ಓದುವ ಪುಸ್ತಕ, ಪ್ರಕಟಣೆ, ಪಾಠ. ರಾಜಕೀಯ, ಔಷಧಿ, ಸಾಲ, ಜೂಜು ಇವಕ್ಕೆ ನಿನ್ನ ದನಿ ಇಲ್ಲ. ಬೇರೆಯವರಿಗೆ ಕೊಡುವುದಾದರೆ ನಿನ್ನನ್ನು ಕೇಳಿ, ಪಾಲು ಕೊಟ್ಟು ಕೊಡಲಿ. ಅವಧಿ ಮುಗಿದ ಮೇಲೆ ಮುದ್ರಣದ ಜೊತೆ ಮಾದರಿಯನ್ನೂ ಅಳಿಸಿದ್ದೇವೆ ಎಂದು ಲಿಖಿತವಾಗಿ ತಿಳಿಸಲಿ. ಇದಕ್ಕೆ ಅವರು ಒಪ್ಪಿದರೆ ಅರ್ಧ ದುಡ್ಡಿಗಾದರೂ ಮಾಡು. ಒಪ್ಪದಿದ್ದರೆ ಬಿಟ್ಟುಬಿಡು, ಮುಂದಿನ ತಿಂಗಳು ನಮ್ಮಿಬ್ಬರಿಗೂ ಆ ಮಲಯಾಳಂ ಸರಣಿ ಹೇಗಿದ್ದರೂ ಇದೆ.

ಕರಾರಿನ ಒಳ್ಳೆಯ ಪ್ರತಿಯೊಂದನ್ನು ಪಿಡಿಎಫ್ ಮಾಡಿ ಕಳಿಸು, ನೀನು ತೆಗೆದ ಫೋಟೋದಲ್ಲಿ ಅರ್ಧ ಹೆಬ್ಬೆಟ್ಟೇ ಕಾಣುತ್ತಿದೆ. ಸರಸ್ವತಿಪುರಂನಲ್ಲಿ ನನಗೆ ಗೊತ್ತಿರುವ ವಕೀಲರೊಬ್ಬರಿದ್ದಾರೆ, ತೋರಿಸುತ್ತೇನೆ. ಫೀಸು ತಗೋತಾರೆ. ಅದು ನಿನ್ನ ಖರ್ಚು.

ಇಂತಿ ನಿನ್ನ,
ಶಿವು