ಕೀ ಕೊಡುವ ವಾಚೋ, ಆಟೊಮ್ಯಾಟಿಕ್ಕೋ?

ಮಾನ್ಯ ಸಂಪಾದಕರೇ,

ದಿನಬಳಕೆಗೆ ಬ್ಯಾಟರಿಯಿಲ್ಲದೆ ಸ್ಪ್ರಿಂಗಿನಿಂದ ಓಡುವ ಅಗ್ಗದ ಮೆಕ್ಯಾನಿಕಲ್ ವಾಚು ಹುಡುಕುವ ಬೆಂಗಳೂರಿನ ಹುಡುಗರ ಮಾತು ಬಹಳ ಸಲ ಎರಡರ ಮೇಲೆ ಬಂದು ನಿಲ್ಲುತ್ತದೆ: ಕೀ ಕೊಡುವ ಎಚ್‌ಎಂಟಿ ಜನತಾ, ಇಲ್ಲವೇ 7ಎಸ್26 ಎಂಬ ಆಟೊಮ್ಯಾಟಿಕ್ ಮಷೀನಿನ ಸೀಕೋ 5. ಡಯಲ್ ಚೆನ್ನಾಗಿದೆಯೆಂದು ಕೊಳ್ಳುವವರೇ ಹೆಚ್ಚು. ನೋಡಬೇಕಾದದ್ದು ನಮ್ಮ ಬೆಳಗಿನ ಅಭ್ಯಾಸ ಮತ್ತು ಈ ಊರಿನ ಮಳೆ.

ಜನತಾಕ್ಕೆ ದಿನಾ ಒಂದೇ ಹೊತ್ತಿಗೆ ಕೀ ಕೊಡಬೇಕು, ಅದೂ ಕೈಯಿಂದ ಬಿಚ್ಚಿಕೊಂಡು. ಕಟ್ಟಿಕೊಂಡೇ ತಿರುಗಿಸಿದರೆ ಕೀಯ ಕಡ್ಡಿ ಓರೆಯಾಗಿ ಒತ್ತಿ ಸವೆಯುತ್ತದೆ. ಬಿಗಿಯಾದ ಮೇಲೆ ಅರ್ಧ ಸುತ್ತೂ ಬೇಡ. ಒಳಗೆ 17 ಜ್ಯುವೆಲ್, ಅಂದರೆ ಸವೆತ ತಡೆಯುವ ಪುಟ್ಟ ಕಲ್ಲುಗಳು; ಗಂಟೆಗೆ 18,000 ಬಡಿತ. ತಾರೀಖಿಲ್ಲದ್ದರಿಂದ ಕೆಡುವ ಭಾಗವೂ ಕಡಿಮೆ. ಅಕ್ರಿಲಿಕ್ ಗಾಜಿಗೆ ಗೀರು ಬೇಗ ಬೀಳುತ್ತದೆ, ಟೂತ್‌ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಸಣ್ಣ ಗೀರು ಹೋಗಿಯೂಬಿಡುತ್ತದೆ. ಸೀಕೋದ ಹಾರ್ಡ್‌ಲೆಕ್ಸ್ ಎಂಬ ಗಟ್ಟಿ ಗಾಜಿನ ಗೀರಿಗೆ ಈ ಉಪಾಯ ನಡೆಯದು.

7ಎಸ್26 ತದ್ವಿರುದ್ಧ: ಕೀ ತಿರುಗಿಸಿದರೂ ಸ್ಪ್ರಿಂಗ್ ಸುತ್ತಿಕೊಳ್ಳುವುದಿಲ್ಲ, ಕಟ್ಟಿದ ಕೈ ಆಡುತ್ತಿದ್ದರೆ ತಾನಾಗಿ ಸುತ್ತಿಕೊಳ್ಳುತ್ತದೆ. ನಿಂತಿದ್ದರೆ ಅರ್ಧ ನಿಮಿಷ ಅಡ್ಡಡ್ಡ ತೂಗಬೇಕು. ಪೂರ್ತಿ ಸುತ್ತಿದರೆ ಸುಮಾರು 40 ಗಂಟೆ ಓಡುತ್ತದೆ. ಶನಿವಾರ, ಭಾನುವಾರ ಮೇಜಿನ ಮೇಲಿಟ್ಟರೆ ಸೋಮವಾರ ನಿಂತಿರುತ್ತದೆ. ರಾತ್ರಿ 9ರಿಂದ ಬೆಳಗಿನ 4ರ ನಡುವೆ ತಾರೀಖು ತಿದ್ದಲೇಬೇಡಿ, ತಾರೀಖು ಬದಲಿಸುವ ಚಕ್ರದ ಹಲ್ಲು ಕಚ್ಚಿಕೊಂಡಿರುವ ಹೊತ್ತದು. ದಿನಕ್ಕೆ 40 ಸೆಕೆಂಡ್ ಮುಂದೆ, 20 ಹಿಂದೆ ಹೋಗುವುದನ್ನು ಕಂಪನಿಯೇ ಒಪ್ಪಿಕೊಂಡಿದೆ. ಚೆನ್ನಾಗಿದ್ದದ್ದು ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೋಡಿದರೆ ಮೊದಲ ಅನುಮಾನ ಅಯಸ್ಕಾಂತದ ಮೇಲಿರಲಿ: ಟ್ಯಾಬ್ ಕವರು, ಸ್ಪೀಕರು, ಬ್ಯಾಗಿನ ಬಕಲ್. ಬಡಿತದ ವೇಗ ಹಿಡಿದಿಡುವ ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅದನ್ನು ಬಿಡಿಸಲು ವಾಚು ಬಿಚ್ಚಬೇಕಾಗಿಲ್ಲ, ಅಯಸ್ಕಾಂತದ ಗುಣ ತೆಗೆಯುವ ಡಿಮ್ಯಾಗ್ನೆಟೈಸರ್ ಮೇಲೆ ಒಂದು ನಿಮಿಷ ಸಾಕು.

ಮಳೆಯಲ್ಲಿ ಸ್ಕೂಟರ್ ಓಡಿಸುವವರು ಜನತಾ ಕಟ್ಟಬಾರದು. ಗಾಜಿನೊಳಗೆ ಮಂಜು ಕಟ್ಟಿದ್ದು ಕಾಣುವ ಹೊತ್ತಿಗೆ ಕೀಯ ಕಡ್ಡಿಗೆ ತುಕ್ಕು ಶುರುವಾಗಿರುತ್ತದೆ. ಸೀಕೋ ಹನಿ ಮಳೆ ತಡೆದೀತು. ಈಜುಕೊಳಕ್ಕೆ ಅದೂ ಬೇಡ. ಒಂದೇ ವಾಚು ಕೊಳ್ಳುವವರಿಗೆ ಸೀಕೋ ಎಂದೇ ಹೇಳುತ್ತೇನೆ. ಎಚ್‌ಎಂಟಿ ಕಾರ್ಖಾನೆಯಿದ್ದ ಜಾಲಹಳ್ಳಿಯ ಮೇಲಿನ ಅಭಿಮಾನ ಎರಡನೇ ವಾಚಿಗಿರಲಿ.

ಆ ಅಭಿಮಾನವೇ ಈಗ ಮೋಸಕ್ಕೆ ದಾರಿಯಾಗಿದೆ. 1961ರಲ್ಲಿ ಸಿಟಿಜನ್ ಸಹಯೋಗದಲ್ಲಿ ಶುರುವಾದ ಎಚ್‌ಎಂಟಿ ವಾಚು ತಯಾರಿಕೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಆನ್‌ಲೈನಿನಲ್ಲಿ ‘ಹೊಚ್ಚ ಹೊಸ ಜನತಾ’ ಎಂದು ಅಗ್ಗಕ್ಕೆ ಸಿಗುವವುಗಳಲ್ಲಿ ಬಹುಪಾಲು ಹಳೆಯ ಬಿಡಿಭಾಗ ಕೂಡಿಸಿ ಡಯಲ್‌ಗೆ ಬಣ್ಣ ಹೊಡೆದವು. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತದೆ: ಅಕ್ಷರದ ಅಂಚು ಹರಡಿರುತ್ತದೆ, ನಿಮಿಷದ ಗೆರೆ ಗಂಟೆಯ ಗುರುತಿಗೆ ಸರಿಯಾಗಿ ಕೂರುವುದಿಲ್ಲ. ಹಿಂಬದಿ ಮುಚ್ಚಳ ತೆಗೆದ ಫೋಟೊ ಕೇಳಿ. ಮಷೀನಿನ ಮೇಲೆ ಎಚ್‌ಎಂಟಿ ಮುದ್ರೆ ಇರಬೇಕು, ಸ್ಕ್ರೂಗಳ ತಲೆ ಕಿತ್ತಿರಬಾರದು. ಹೊಡೆದ ಬಣ್ಣ ಒಣಗಿ ಉದುರಿ ಚಕ್ರದ ಹಲ್ಲಿಗೆ ಸಿಕ್ಕಿತೆಂದರೆ ವಾಚು ನಿಂತೇ ಹೋಗುತ್ತದೆ.

ಇನ್ನು ಸರ್ವಿಸ್. ಯಾವುದನ್ನೇ ಕೊಂಡರೂ ನಾಲ್ಕೈದು ವರ್ಷಕ್ಕೊಮ್ಮೆ ಮಾಡಿಸಿ. ಚಿಕ್ಕಪೇಟೆಯಾಗಲಿ ಮನೆ ಹತ್ತಿರದ ಅಂಗಡಿಯಾಗಲಿ, ವಾಚು ಕೊಡುವ ಮುಂಚೆ ಒಂದು ಮಾತು ಕೇಳಿ: ‘ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕ್ತೀರಾ, ಇಲ್ಲಾ ಇಡೀ ಮಷೀನನ್ನೇ ಪೆಟ್ರೋಲಿನಲ್ಲಿ ಅದ್ದಿ ತೆಗೀತೀರಾ?’ ಉತ್ತರ ತಡವಾದರೆ ವಾಚನ್ನು ಜೇಬಿಗೆ ಹಾಕಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ.

— ಓದುಗ, ಬಸವನಗುಡಿ, ಬೆಂಗಳೂರು